ಬಹ್ರೇನ್‌ಗೆ ಹೊರಡುವ ಮುನ್ನ: ಮೊದಲು ಕಾಗದ, ಆಮೇಲೆ ಟಿಕೆಟ್

ಅಕ್ಕ ಬಹ್ರೇನ್‌ನ ಮನಾಮಾದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಮ್ಮನನ್ನು ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಗ್ಗದ ಟಿಕೆಟ್ ಕಂಡಿತು ಅಂತ ನಾನು ಅದೇ ರಾತ್ರಿ ಬುಕ್ ಮಾಡಿಬಿಟ್ಟೆ. ಎರಡು ದಿನ ಬಿಟ್ಟು ವೀಸಾಕ್ಕೆ ಅಂತ ಅಮ್ಮನ ಪಾಸ್‌ಪೋರ್ಟ್ ಬಿಡಿಸಿ ನೋಡಿದರೆ, ಹೊರಡುವ ದಿನಕ್ಕೆ ಅದರ ಅವಧಿ ಐದೇ ತಿಂಗಳು ಉಳಿದಿತ್ತು. ಟಿಕೆಟ್ ಹಣ ಹೋಯಿತು. ಹೆರಿಗೆ ಹೊತ್ತಿಗೆ ಅಮ್ಮ ಅಲ್ಲಿರುತ್ತಾಳೋ ಇಲ್ಲವೋ ಅನ್ನುವ ಆತಂಕದಲ್ಲಿ ಮೂರು ವಾರ ಕಳೆದೆವು.

ಅದಾದ ಮೇಲೆ ಮನೆಯ ಹಿರಿಯರನ್ನು, ನೆರೆಹೊರೆಯವರನ್ನು ಅಂತ ಹಲವರನ್ನು ಅಲ್ಲಿಗೆ ಕಳಿಸಿದ್ದೇನೆ, ನಾನೂ ಹೋಗಿ ಬಂದಿದ್ದೇನೆ. ಮೊದಲ ಸಲ ವಿಮಾನ ಹತ್ತುವ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೆಲಸಕ್ಕೆ ಹೋಗುವವರಿಗೆ ಬೇಕಾದ್ದು ನಡುವೆ ಬೇರೆಯಾಗಿಯೇ ಇದೆ.

1. ಪಾಸ್‌ಪೋರ್ಟ್ ಬಿಡಿಸಿ ನೋಡಿ

ಕಪಾಟಿನಲ್ಲಿ ಇದೆ ಅಂದರೆ ಸಾಲದು. ಕೈಗೆ ತೆಗೆದುಕೊಂಡು ಮೂರು ವಿಷಯ ನೋಡಬೇಕು.

ಒಂದು, ಅವಧಿ. ಬಹ್ರೇನ್ ತಲುಪುವ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಲಿ. ಇಲ್ಲದಿದ್ದರೆ ಮೊದಲು ಹೊಸ ಪಾಸ್‌ಪೋರ್ಟ್ ಮಾಡಿಸಿ. ಕರ್ನಾಟಕದಲ್ಲಿ ಬೆಂಗಳೂರಿನ ಲಾಲ್‌ಬಾಗ್ ಮತ್ತು ಮಾರತ್ತಹಳ್ಳಿ, ಮಂಗಳೂರು, ಹುಬ್ಬಳ್ಳಿ, ಕಲಬುರಗಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ಹಲವು ಊರುಗಳಲ್ಲಿ ಅಂಚೆ ಕಚೇರಿಯಲ್ಲೂ ಆಗುತ್ತದೆ. ತುರ್ತು ಇದ್ದರೆ ತತ್ಕಾಲ್.

ಎರಡು, ಹೆಸರು. ನಮ್ಮ ಕಡೆ ಇದೇ ದೊಡ್ಡ ಗೋಜಲು. ಇನಿಷಿಯಲ್ ಹಾಕಿಕೊಳ್ಳುವ ರೂಢಿ ನಮ್ಮದು. ಪಾಸ್‌ಪೋರ್ಟ್‌ನಲ್ಲಿ ಮಾತ್ರ 'ಕೊಟ್ಟ ಹೆಸರು', 'ಮನೆತನದ ಹೆಸರು' ಅಂತ ಎರಡು ಸಾಲು. ಎಷ್ಟೋ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಎರಡನೆಯ ಸಾಲು ಖಾಲಿ. ಆಧಾರ್‌ನಲ್ಲಿ 'ಲಕ್ಷ್ಮಿ ಕೆ.' ಅಂತ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಬರೀ 'ಲಕ್ಷ್ಮಿ'. ವೀಸಾ, ಟಿಕೆಟ್ ಎರಡರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವ ಅಕ್ಷರಗಳೇ ಬರಬೇಕು. ಆಧಾರ್ ಪಕ್ಕಕ್ಕಿಡಿ. ಒಂದೇ ಹೆಸರಿದ್ದರೆ ಟಿಕೆಟ್‌ನ ಎರಡನೆಯ ಖಾನೆಗೆ ಏನು ತುಂಬಬೇಕು ಅನ್ನುವುದು ವಿಮಾನ ಕಂಪನಿಯಿಂದ ಕಂಪನಿಗೆ ಬೇರೆ. ಅವರನ್ನೇ ಕೇಳಿ ತುಂಬಿ. ಇನ್ನೊಂದು ಮಾತು. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಕೊಡುವುದಿಲ್ಲ. ಹಾಗಾಗಿ ಅಂಥವರು ದುಬೈಯಲ್ಲಿ ಇಳಿದು ಎರಡು ದಿನ ಊರು ನೋಡಿಕೊಂಡು ಮುಂದೆ ಹೋಗೋಣ ಅಂತ ಯೋಜನೆ ಹಾಕಬೇಡಿ.

ಮೂರು, ಇಸಿಆರ್ ಮುದ್ರೆ, ಅಂದರೆ 'ವಲಸೆ ತಪಾಸಣೆ ಬೇಕು' ಅನ್ನುವ ಗುರುತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇದು ಇರುತ್ತದೆ. ಅಂಥವರು ಬಹ್ರೇನ್‌ಗೆ ಕೆಲಸಕ್ಕೆ ಹೋಗುವುದಾದರೆ ಸರ್ಕಾರದ ಅನುಮತಿ ಕಡ್ಡಾಯ. ಮಗಳ ಮನೆಗೆ ಹೋಗುವ ತಾಯಿಗೆ ಅದು ಬೇಡ. ಆದರೂ ನಮ್ಮ ಇಮಿಗ್ರೇಷನ್ ಕೌಂಟರ್‌ನಲ್ಲಿ ನಾಲ್ಕು ಪ್ರಶ್ನೆ ಜಾಸ್ತಿ ಕೇಳಬಹುದು. ವಾಪಸ್ ಟಿಕೆಟ್, ವೀಸಾ, ಮಗಳ ಗುರುತಿನ ಚೀಟಿಯ ಪ್ರತಿ ಕೈಯಲ್ಲಿದ್ದರೆ ಹೆದರುವ ಕೆಲಸವಿಲ್ಲ. ಐವತ್ತು ವರ್ಷ ದಾಟಿದವರಿಗೆ ಈ ಮುದ್ರೆಯ ಅಗತ್ಯವೇ ಇಲ್ಲ. ಪಾಸ್‌ಪೋರ್ಟ್ ಹೊಸದು ಮಾಡಿಸುವಾಗ ತೆಗೆಸಿಬಿಡಿ.

2. ವೀಸಾ: ಎರಡು ಲೆಕ್ಕ ಬೇರೆ ಬೇರೆ

ಬಹ್ರೇನ್ ಭಾರತೀಯರಿಗೆ ಇ-ವೀಸಾ ಕೊಡುತ್ತದೆ. ಅಲ್ಲಿನ ಸರ್ಕಾರದ ತಾಣ 'ಇವೀಸಾ ಡಾಟ್ ಗವ್ ಡಾಟ್ ಬಿಎಚ್'. ಹುಡುಕಿದಾಗ ಮೇಲೆ ಬರುವ ಜಾಹೀರಾತು ತಾಣಗಳು ಅದೇ ಕೆಲಸಕ್ಕೆ ದುಪ್ಪಟ್ಟು ಹಣ ಕೀಳುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಬಿಎಚ್' ಇದೆಯಾ ಅಂತ ನೋಡಿಯೇ ಕಾರ್ಡ್ ನಂಬರ್ ಕೊಡಿ.

ಅರ್ಜಿಗೆ ಪಾಸ್‌ಪೋರ್ಟ್ ಪುಟದ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಹೋಗಿ ಬರುವ ಪ್ರಯಾಣದ ವಿವರ, ಉಳಿಯುವ ಜಾಗದ ದಾಖಲೆ ಕೇಳುತ್ತಾರೆ. ಹೋಟೆಲ್ ಆದರೆ ಬುಕಿಂಗ್, ಮನೆಯವರ ಜೊತೆಗಾದರೆ ಅವರ ಸಿಪಿಆರ್ ಕಾರ್ಡಿನ ಪ್ರತಿ. ಸಿಪಿಆರ್ ಅಂದರೆ ಅಲ್ಲಿನ ಗುರುತಿನ ಚೀಟಿ, ನಮ್ಮ ಆಧಾರ್ ಇದ್ದ ಹಾಗೆ. ಅಲ್ಲಿರುವವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಈ ಮಾತು ಬರುತ್ತದೆ. ಸ್ಕ್ಯಾನ್ ಮಾತ್ರ ಚೆನ್ನಾಗಿರಲಿ. ಟ್ಯೂಬ್‌ಲೈಟ್ ಕೆಳಗೆ ಮೊಬೈಲ್‌ನಲ್ಲಿ ಫೋಟೊ ತೆಗೆದರೆ ಬೆಳಕು ಹೊಳೆದು ಕೆಳಗಿನ ಎರಡು ಸಾಲು ಓದಲಾಗುವುದಿಲ್ಲ. ಹಗಲಿನಲ್ಲಿ ಕಿಟಕಿ ಪಕ್ಕ ಇಟ್ಟು ತೆಗೆಯಿರಿ.

ಪ್ರಯಾಣದ ವಿವರ ಕೇಳುತ್ತಾರೆ ಅಂತ ಗಾಬರಿಯಾಗಿ, ರದ್ದು ಮಾಡಿದರೆ ಹಣ ವಾಪಸ್ ಬಾರದ ಟಿಕೆಟ್ ಕೊಂಡುಬಿಡಬೇಡಿ. ಪೂರ್ತಿ ಹಣ ವಾಪಸ್ ಸಿಗುವ ದರದಲ್ಲಿ ಬುಕ್ ಮಾಡಬಹುದು, ಇಲ್ಲವೇ ಕೆಲವು ದಿನ ದರ ಹಿಡಿದಿಡುವ ಸೌಲಭ್ಯ ಇರುವ ಕಂಪನಿಯನ್ನು ನೋಡಬಹುದು.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ವೀಸಾ ಎಷ್ಟು ದಿನ ಊರ್ಜಿತ ಅನ್ನುವುದು ಒಂದು ಲೆಕ್ಕ. ಒಮ್ಮೆ ಒಳಗೆ ಹೋದರೆ ಎಷ್ಟು ದಿನ ಇರಬಹುದು ಅನ್ನುವುದು ಇನ್ನೊಂದು. ಮೂರು ತಿಂಗಳ ವೀಸಾ ಅಂದ ಮಾತ್ರಕ್ಕೆ ಮೂರು ತಿಂಗಳು ಅಲ್ಲೇ ಕೂರಬಹುದು ಅಂತ ಅಲ್ಲ. ಬಾಣಂತನಕ್ಕೆ ಹೋಗುವವರಿಗೆ ಈ ವ್ಯತ್ಯಾಸ ತುಂಬ ಮುಖ್ಯ. ಹೆರಿಗೆಗೆ ಹದಿನೈದು ದಿನ ಮೊದಲು ಹೋಗಿ, ನಲವತ್ತು ದಿನ ಮುಗಿಸಿ ಬರುವ ಅಂದಾಜು ಇದ್ದರೆ ಎರಡು ತಿಂಗಳು ಬೇಕೇ ಬೇಕು. ಸಣ್ಣ ಪ್ರವಾಸಿ ವೀಸಾ ಅದಕ್ಕೆ ಸಾಲದು. ಮಗಳು ಅಳಿಯ ಅಲ್ಲಿನ ನಿವಾಸಿಗಳಾದ್ದರಿಂದ ಅವರೇ ಪ್ರಾಯೋಜಕರಾಗಿ ಮಾಡಿಸುವ ಭೇಟಿ ವೀಸಾ ಆಗುತ್ತದಾ ಅಂತ ಮೊದಲು ವಿಚಾರಿಸಲಿ. ವೀಸಾ ಕೈಗೆ ಬಂದ ಮೇಲೆ ಅದರಲ್ಲಿ ಬರೆದ ದಿನಗಳನ್ನು ಕ್ಯಾಲೆಂಡರಿನಲ್ಲಿ ಎಣಿಸಿ, ಕೊನೆಯ ದಿನಕ್ಕೆ ವಾರ ಮೊದಲೇ ವಾಪಸ್ ಟಿಕೆಟ್ ಮಾಡಿ. ಅವಧಿ ಮೀರಿ ಉಳಿದರೆ ದಂಡ ಬೀಳುತ್ತದೆ.

ಕೆಲಸಕ್ಕೆ ಹೋಗುವವರು ಇದನ್ನು ಓದಲೇಬೇಕು

'ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಾಯಿಸೋಣ' ಅಂತ ಯಾರೇ ಹೇಳಿದರೂ ಹೋಗಬೇಡಿ. ಹಾಗೆ ಹೋದವರು ಸಂಬಳವಿಲ್ಲದೆ, ಕಾಗದವಿಲ್ಲದೆ ಸಿಕ್ಕಿಬಿದ್ದಿದ್ದನ್ನು ನಮ್ಮೂರಲ್ಲೇ ಕಂಡಿದ್ದೇನೆ. ಸಾಲ ಮಾಡಿ ಕಳಿಸಿದ ಮನೆಯವರ ಕಷ್ಟ ಹೇಳತೀರದು. ಏಜೆಂಟ್‌ಗೆ ಭಾರತ ಸರ್ಕಾರದ ಪರವಾನಗಿ ಇದೆಯಾ ಅಂತ 'ಇ-ಮೈಗ್ರೇಟ್' ತಾಣದಲ್ಲಿ ನೋಡಬಹುದು. ಪರವಾನಗಿ ಇದ್ದವರೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ಕೇಳುವಂತಿಲ್ಲ. ಲಕ್ಷ ಕೇಳಿದರೆ ಎದ್ದು ಬನ್ನಿ.

ಇಸಿಆರ್ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷದ ರಕ್ಷಣೆ. ಬಹ್ರೇನ್‌ನಲ್ಲಿ ಕೆಲಸದ ಪರವಾನಗಿ ನೋಡಿಕೊಳ್ಳುವುದು ಎಲ್‌ಎಂಆರ್‌ಎ ಅನ್ನುವ ಪ್ರಾಧಿಕಾರ. ನಿಮ್ಮ ಪರವಾನಗಿ ಯಾವ ಹುದ್ದೆಗೆ, ಯಾವ ಕಂಪನಿಗೆ ಅನ್ನುವುದು ಹೊರಡುವ ಮೊದಲೇ ಕೈಯಲ್ಲಿ ಇರಲಿ.

3. ಯಾವಾಗ ಹೋಗುವುದು

ಹೆರಿಗೆಗೆ ತಿಥಿ ನೋಡಲಾಗದು, ಸರಿ. ಸುಮ್ನೆ ಮಕ್ಕಳನ್ನು ನೋಡಿ ಬರಲು ಹೋಗುವವರು ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು 40 ಡಿಗ್ರಿ ದಾಟುತ್ತದೆ. ಸುತ್ತ ಸಮುದ್ರ, ಹಾಗಾಗಿ ಸೆಕೆಯೂ ಕೂಡಿ ಹೊರಗೆ ಕಾಲಿಡಲು ಆಗುವುದಿಲ್ಲ. ನಮ್ಮ ಮೇ ತಿಂಗಳ ಮಂಗಳೂರು ಸೆಕೆ ಕಂಡವರಿಗೂ ಅದು ಕಷ್ಟ.

ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಸಾರ್ವಜನಿಕವಾಗಿ ತಿನ್ನುವುದು, ಕುಡಿಯುವುದು ಇಲ್ಲ. ಮನೆಯೊಳಗೆ ತೊಂದರೆಯಿಲ್ಲ, ಆದರೆ ಊರು ನೋಡಲು ಹೋಗುವವರಿಗೆ ವೇಳಾಪಟ್ಟಿ ಪೂರ್ತಿ ಬದಲಾಗುತ್ತದೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿದ್ದರೆ ಇದನ್ನು ಯೋಚಿಸಿ. ಈ ತಿಂಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಸಖೀರ್‌ನಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ನಡೆಯುವ ವಾರ ಹೋಟೆಲ್ ದರ ಏರಿಬಿಡುತ್ತದೆ. ಡಿಸೆಂಬರ್ 16 ರಾಷ್ಟ್ರೀಯ ದಿನ. ಊರೆಲ್ಲ ಕೆಂಪು ಬಿಳಿ ದೀಪ, ನೋಡಲು ಚೆಂದ. ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಅಳಿಯ ಏರ್‌ಪೋರ್ಟ್‌ಗೆ ಬರಬೇಕಾದರೆ ಗುರುವಾರ ರಾತ್ರಿ ಇಳಿಯುವ ವಿಮಾನ ಅವರಿಗೆ ಅನುಕೂಲ.

4. ಈಗ ಟಿಕೆಟ್

ಪಾಸ್‌ಪೋರ್ಟ್ ಸರಿ, ವೀಸಾ ಯಾವುದು ಅಂತ ಗೊತ್ತು, ತಿಂಗಳು ಗೊತ್ತು. ಈಗ ದರ ನೋಡಿ.

ಮಂಗಳೂರಿನಿಂದ ನೇರ ವಿಮಾನ ಸಿಕ್ಕಿದರೆ ಸುಮಾರು ನಾಲ್ಕು ಗಂಟೆ ಪ್ರಯಾಣ, ಬೆಂಗಳೂರಿನಿಂದ ಇನ್ನೂ ಸ್ವಲ್ಪ ಜಾಸ್ತಿ. ನೇರ ವಿಮಾನಗಳು ವಾರದ ಎಲ್ಲ ದಿನ ಇರುವುದಿಲ್ಲ, ಋತುವಿಗೆ ತಕ್ಕಂತೆ ವೇಳಾಪಟ್ಟಿ ಬದಲಾಗುತ್ತದೆ. ಅದಕ್ಕೇ ಒಂದೇ ದಿನಾಂಕಕ್ಕೆ ಅಂಟಿಕೊಳ್ಳದೆ ಹಿಂದೆ ಮುಂದೆ ಮೂರು ದಿನ ನೋಡಿ. ದುಬೈ, ಅಬುಧಾಬಿ, ಶಾರ್ಜಾ, ಮಸ್ಕತ್, ದೋಹಾ ಮೂಲಕವೂ ಹೋಗಬಹುದು. ಕೆಲವು ಸಲ ಐದಾರು ಸಾವಿರ ಉಳಿಯುತ್ತದೆ. ಆದರೆ ಒಬ್ಬರೇ ಹೋಗುವ ಅರುವತ್ತು ದಾಟಿದ ತಾಯಿಗೆ ನಾನು ನೇರ ವಿಮಾನವನ್ನೇ ಹೇಳುವುದು. ಪರಭಾಷೆಯ ನಾಡಿನಲ್ಲಿ, ನಡುರಾತ್ರಿ, ಗೇಟ್ ನಂಬರ್ ಹುಡುಕುತ್ತ ಅಮ್ಮ ಅಲೆಯುವುದಕ್ಕೆ ಐದು ಸಾವಿರ ದೊಡ್ಡದಲ್ಲ, ಅಲ್ವಾ?

ಎರಡು ಬೇರೆ ಕಂಪನಿಗಳ ಎರಡು ಬೇರೆ ಟಿಕೆಟ್ ಜೋಡಿಸಿ ಹೋಗುವುದಂತೂ ಬೇಡ. ಹಾಗೆ ಮಾಡಿದರೆ ನಡುವಿನ ಊರಲ್ಲಿ ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಅದಕ್ಕೆ ಆ ದೇಶದ ಒಳಗೆ ಹೋಗುವ ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಬದಲಿ ವಿಮಾನ ಇದ್ದರೂ ಎಲ್ಲ ಒಂದೇ ಟಿಕೆಟ್‌ನಲ್ಲಿ ಇರಲಿ.

ದಿನಾಂಕದ ಒಂದು ಬಲೆ ಇದೆ. '12ನೇ ತಾರೀಕು 00.30' ಅಂತ ಟಿಕೆಟ್‌ನಲ್ಲಿದ್ದರೆ 11ರ ಸಂಜೆಯೇ ಮನೆಯಿಂದ ಹೊರಡಬೇಕು. 12ರ ರಾತ್ರಿ ಊಟ ಮುಗಿಸಿ ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಬಹ್ರೇನ್ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ನಮ್ಮದು, ತಲುಪುವ ಹೊತ್ತು ಅಲ್ಲಿನದು. ಸಂಜೆ 8ಕ್ಕೆ ಹೊರಟು ರಾತ್ರಿ 9.30ಕ್ಕೆ ತಲುಪುತ್ತದೆ ಅಂತ ಕಂಡರೆ ಅದು ಒಂದೂವರೆ ಗಂಟೆಯ ಪ್ರಯಾಣ ಅಲ್ಲ, ನಾಲ್ಕು ಗಂಟೆ.

ಕೊಲ್ಲಿಯ ಆಕಾಶ ಯಾವಾಗಲೂ ತೆರೆದಿರುತ್ತದೆ ಅಂತ ನಂಬಿ ಕೂರುವ ಕಾಲ ಇದಲ್ಲ. 2025ರ ಜೂನ್ 23ರ ರಾತ್ರಿ ಕತಾರ್ ಮೇಲೆ ಇರಾನ್ ಕ್ಷಿಪಣಿ ಬಿಟ್ಟಾಗ ಬಹ್ರೇನ್ ಕೂಡ ತನ್ನ ವಾಯುಮಾರ್ಗವನ್ನು ಕೆಲ ಹೊತ್ತು ಮುಚ್ಚಿತ್ತು. ಬುಕ್ ಮಾಡುವ ಮೊದಲು ಮತ್ತು ಹೊರಡುವ ಹಿಂದಿನ ದಿನ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಸೂಚನೆ ನೋಡಿ. ದಿನಾಂಕ ಬದಲಾಯಿಸಬಹುದಾದ ಟಿಕೆಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪ್ರಯಾಣ ವಿಮೆ ತೆಗೆಯುವಾಗ ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗೆ ಅದು ಅನ್ವಯಿಸುತ್ತದಾ ಅಂತ ಓದಿ ನೋಡಿ.

ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ. ಮಂಡಿನೋವು ಇರುವವರಿಗೆ ಇದು ನಡೆಯುವ ಕಷ್ಟವನ್ನು ತಪ್ಪಿಸುವುದಷ್ಟೇ ಅಲ್ಲ, ಕೌಂಟರ್‌ನಿಂದ ಗೇಟ್ ತನಕ ಒಬ್ಬರು ಜೊತೆಗೇ ಇರುತ್ತಾರೆ.

5. ಬ್ಯಾಗ್: ಇಲ್ಲಿ ಸ್ವಲ್ಪ ನಿಲ್ಲೋಣ

ಅಮ್ಮನ ಬ್ಯಾಗ್ ಮಂಗಳೂರು ಏರ್‌ಪೋರ್ಟ್‌ನಲ್ಲಿ ಬಿಚ್ಚಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೀರೆಗಳ ಮಡಿಕೆ ನಡುವೆ ಹಳೆಯ ಪಂಚೆಯಲ್ಲಿ ಸುತ್ತಿದ ಎಂಟು ಬಟ್ಟಲು ಒಣ ಕೊಬ್ಬರಿ. ಬಾಣಂತಿಗೆ ಅಂಟಿನುಂಡೆ ಕಟ್ಟಲು ಅಂತ ಆರಿಸಿ ಆರಿಸಿ ತಂದಿದ್ದಳು. ಸಿಬ್ಬಂದಿ ಅದನ್ನು ತೆಗೆದು ಪಕ್ಕಕ್ಕಿಟ್ಟರು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತದೆ, ಹಾಗಾಗಿ ವಿಮಾನದಲ್ಲಿ ಬಿಡುವುದಿಲ್ಲ. ಅಮ್ಮ ಏನೂ ಮಾತಾಡಲಿಲ್ಲ, ಪಂಚೆಯನ್ನು ಮಾತ್ರ ಮಡಚಿ ಮತ್ತೆ ಬ್ಯಾಗ್‌ಗೆ ಹಾಕಿದಳು. ಮುಂದಿನ ಸಲದಿಂದ ಉಂಡೆಯನ್ನೇ ಕಟ್ಟಿ ಕಳಿಸಿದೆವು. ಕೊಬ್ಬರಿ ಮನಾಮಾದ ಭಾರತೀಯ ಅಂಗಡಿಗಳಲ್ಲೂ ಸಿಗುತ್ತದೆ.

ಗಸಗಸೆ ಇದಕ್ಕಿಂತ ದೊಡ್ಡ ವಿಷಯ. ನಮಗೆ ಅದು ಪಾಯಸದ ಸಾಮಾನು. ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುಗಳ ಲೆಕ್ಕಕ್ಕೆ ಸೇರುತ್ತದೆ, ಜೈಲಿನ ತನಕ ಹೋಗಬಹುದು. ಕೊಲ್ಲಿಯ ಯಾವ ನಾಡಿಗೂ ಒಂದು ಚಮಚ ಕೂಡ ಒಯ್ಯಬೇಡಿ. ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಗೆ ಗಸಗಸೆ ಹಾಕಿದ್ದೀರಾ ಅಂತ ನೆನಪು ಮಾಡಿಕೊಳ್ಳಿ. ಪ್ಯಾಕೆಟ್ ಪುಡಿಯಾದರೆ ಹಿಂದಿನ ಪಟ್ಟಿ ಓದಿ. ಗುಟ್ಕಾ, ಜರ್ದಾ ಸಹವಾಸವೂ ಬೇಡ. ಮತ್ತೆ, ಪರಿಚಯದವರು 'ನಮ್ಮ ಹುಡುಗನಿಗೆ ಒಂದು ಸಣ್ಣ ಕಟ್ಟು' ಅಂತ ತಂದುಕೊಟ್ಟರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಸಂಕೋಚ ಪಡಬೇಡಿ. ಅದು ನಿಮ್ಮ ಬ್ಯಾಗ್‌ನಲ್ಲಿ ಸಿಕ್ಕರೆ ಉತ್ತರ ಕೊಡಬೇಕಾದವರು ನೀವು.

ಉಪ್ಪಿನಕಾಯಿ, ತುಪ್ಪ ಚೆಕ್-ಇನ್ ಬ್ಯಾಗ್‌ಗೆ. ಡಬ್ಬಿಯ ಬಾಯಿಗೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಕೈಚೀಲದಲ್ಲಿ ದ್ರವ ಏನೇ ಇದ್ದರೂ ಒಂದೊಂದು ಬಾಟಲಿ 100 ಮಿಲಿ ಮೀರಬಾರದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಎಷ್ಟು ಕಿಲೋ ಬಿಡುತ್ತಾರೆ ಅನ್ನುವುದು ನೀವು ಕೊಂಡ ದರದ ಮೇಲೆ ನಿಂತಿದೆ, ಟಿಕೆಟ್‌ನಲ್ಲೇ ಬರೆದಿರುತ್ತದೆ. ಮನೆಯಲ್ಲೇ ತೂಗಿ, ಒಂದು ಕಿಲೋ ಕಡಿಮೆಯೇ ಇರಲಿ.

ಮಾತ್ರೆಗಳನ್ನು ಡಬ್ಬಿಗೆ ಸುರಿಯಬೇಡಿ. ಸ್ಟ್ರಿಪ್‌ನಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ, ಎಲ್ಲ ಕೈಚೀಲದಲ್ಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳಿಗೆ ಕೊಲ್ಲಿಯಲ್ಲಿ ಬಿಗಿ ನಿಯಮ. ಬದಲಿ ಔಷಧ ಇದೆಯಾ ಅಂತ ವೈದ್ಯರನ್ನು ಮೊದಲೇ ಕೇಳಿ.

6. ಹೊರಡುವ ದಿನ

ಮೂರು ಗಂಟೆ ಮೊದಲು ಏರ್‌ಪೋರ್ಟ್‌ನಲ್ಲಿ ಇರಿ. ವಿದೇಶ ವಿಮಾನದ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ವಿದೇಶ ವಿಮಾನಗಳೆಲ್ಲ 2ನೇ ಟರ್ಮಿನಲ್‌ನಿಂದ. ಮೈ ಮೇಲೆ ಚಿನ್ನ ಜಾಸ್ತಿ ಇದ್ದರೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಇದು ಇಲ್ಲಿಂದಲೇ ಒಯ್ದಿದ್ದು ಅಂತ ತೋರಿಸಲು ಅದೇ ಆಧಾರ.

ಅಮ್ಮನ ಪರ್ಸ್‌ನಲ್ಲಿ ನಾನು ಒಂದು ಕಾರ್ಡ್ ಇಟ್ಟಿದ್ದೆ. ಅಕ್ಕನ ಹೆಸರು, 973ರಿಂದ ಶುರುವಾಗುವ ಫೋನ್ ನಂಬರ್, ವಿಳಾಸ. ಬಹ್ರೇನ್‌ನ ವಿಳಾಸ ನಮ್ಮ ಹಾಗೆ 'ದೇವಸ್ಥಾನದ ಹತ್ತಿರ' ಅಂತ ಇರುವುದಿಲ್ಲ. ಫ್ಲಾಟ್, ಕಟ್ಟಡ, ರಸ್ತೆ, ಬ್ಲಾಕ್, ನಾಲ್ಕೂ ಬರೀ ನಂಬರ್. ಒಂದು ತಪ್ಪಿದರೂ ಬೇರೆ ಬಡಾವಣೆ. ಕಾರ್ಡಿನ ಹಿಂದೆ ಇಂಗ್ಲಿಷ್‌ನಲ್ಲಿ 'ಮಗಳ ಮನೆಗೆ ಹೋಗುತ್ತಿದ್ದೇನೆ, ಇಷ್ಟು ದಿನ ಇರುತ್ತೇನೆ, ವಾಪಸ್ ಟಿಕೆಟ್ ಇದೆ' ಅಂತ ಬರೆದಿದ್ದೆ. ಇಮಿಗ್ರೇಷನ್‌ನಲ್ಲಿ ಅಮ್ಮ ಮಾತೇ ಆಡದೆ ಅದನ್ನು ತೋರಿಸಿದಳಂತೆ. ಅಧಿಕಾರಿ ಓದಿ, ಮುಗುಳ್ನಕ್ಕು ಮುದ್ರೆ ಒತ್ತಿದರಂತೆ. ವೀಸಾ, ಟಿಕೆಟ್ ಎರಡನ್ನೂ ಮುದ್ರಿಸಿ ಕೊಡಿ. ಫೋನ್ ಬ್ಯಾಟರಿ ಯಾವಾಗ ಮುಗಿಯುತ್ತದೋ ಹೇಳಲಾಗದು.

7. ಇಳಿದ ಮೇಲೆ

ಏರ್‌ಪೋರ್ಟ್ ಇರುವುದು ಮುಹರಕ್ ದ್ವೀಪದಲ್ಲಿ. ಸೇತುವೆ ದಾಟಿದರೆ ಮನಾಮಾ. 2021ರಲ್ಲಿ ತೆರೆದ ಹೊಸ ಟರ್ಮಿನಲ್, ಅಂಥ ದೊಡ್ಡದಲ್ಲ, ದಾರಿ ತಪ್ಪುವ ಭಯವಿಲ್ಲ. ದೇಶವೇ ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು. ಬಟೆಲ್ಕೊ, ಝೈನ್, ಎಸ್‌ಟಿಸಿ ಸಿಮ್ ಸಿಗುತ್ತವೆ. ಊರಿನ ಸಿಮ್ ಕೂಡ ರೋಮಿಂಗ್‌ನಲ್ಲಿ ಜೀವಂತ ಇರಲಿ, ಬ್ಯಾಂಕ್ ಒಟಿಪಿ ಬರುವುದು ಅದಕ್ಕೇ. ಪ್ಲಗ್ ಮೂರು ಚೌಕಾಕಾರದ ಪಿನ್ನಿನದು, ಒಂದು ಅಡಾಪ್ಟರ್ ಇಟ್ಟುಕೊಳ್ಳಿ. ಟ್ಯಾಕ್ಸಿ ಹತ್ತಿದರೆ ಮೀಟರ್ ಹಾಕಿಸಿ. ತುರ್ತಿಗೆ 999. ವಾಹನ ಬಲಗಡೆ ಓಡುತ್ತವೆ, ಹಾಗಾಗಿ ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡುವ ಅಭ್ಯಾಸ ಹಿರಿಯರಿಗೆ ಮೊದಲ ದಿನವೇ ಮಾಡಿಸಿ.

ದುಡ್ಡಿನ ಲೆಕ್ಕ ಕೂತು ಕಲಿಯಬೇಕು. ಒಂದು ದಿನಾರ್‌ಗೆ ನೂರು ಪೈಸೆ ಅಲ್ಲ, ಸಾವಿರ ಫಿಲ್ಸ್. ಅಲ್ಲಿ ಮೂಲೆಮೂಲೆಯಲ್ಲಿರುವ ಕಿರಾಣಿ ಅಂಗಡಿಗೆ ಕೋಲ್ಡ್ ಸ್ಟೋರ್ ಅನ್ನುತ್ತಾರೆ. ಅಲ್ಲಿ ಬೆಲೆ ಚೀಟಿಯಲ್ಲಿ 0.450 ಅಂತ ಇದ್ದರೆ 450 ಫಿಲ್ಸ್. ಅರ್ಧ ದಿನಾರ್ ಕೊಟ್ಟರೆ 50 ಫಿಲ್ಸ್ ವಾಪಸ್. ಬರೀ 'ಅರ್ಧಕ್ಕೂ ಕಡಿಮೆ' ಅಂತ ಅಗ್ಗ ಅನ್ನಿಸುತ್ತದೆ, ಆದರೆ ಒಂದು ದಿನಾರ್ ಅಂದರೆ ಎರಡೂವರೆ ಡಾಲರ್‌ಗೂ ಜಾಸ್ತಿ. ಒಂದು ಡಾಲರ್‌ಗೆ 0.376 ದಿನಾರ್ ಅಂತ ದರ ಕಟ್ಟಿಟ್ಟಿದ್ದಾರೆ, ಅದು ಏರುವುದಿಲ್ಲ, ಇಳಿಯುವುದಿಲ್ಲ. ಹಾಗಾಗಿ ಇಲ್ಲಿಂದ ಡಾಲರ್ ಅಥವಾ ಫಾರೆಕ್ಸ್ ಕಾರ್ಡ್ ಒಯ್ದರೆ ಲೆಕ್ಕ ಸುಲಭ. 2022ರಿಂದ ಅಲ್ಲಿ ವ್ಯಾಟ್ ಶೇ 10.

ಬಿಡುವಿದ್ದರೆ ಅಮ್ಮನನ್ನು ಮನಾಮಾದ ಹಳೆಯ ಪೇಟೆಗೆ ಕರೆದುಕೊಂಡು ಹೋಗಲಿ. ಬಾಬ್ ಅಲ್ ಬಹ್ರೇನ್ ಅನ್ನುವ ಪೇಟೆಯ ಹೆಬ್ಬಾಗಿಲು ದಾಟಿ ಒಳಗೆ ಹೋದರೆ ಸಿಂಧ್ ಕಡೆಯ ವ್ಯಾಪಾರಿಗಳು ಸುಮಾರು ಇನ್ನೂರು ವರ್ಷದ ಹಿಂದೆ ಕಟ್ಟಿದ ಶ್ರೀನಾಥಜಿ ದೇವಸ್ಥಾನ ಇದೆ. ಹೂವಿನ ವಾಸನೆ, ಗಂಟೆ ಸದ್ದು ಕೇಳಿ ಅಮ್ಮನಿಗೆ ಊರಿಗೇ ಬಂದ ಹಾಗಾಯಿತಂತೆ. ಅಲ್ಲಿನ ಕನ್ನಡ ಸಂಘದ ಕಾರ್ಯಕ್ರಮ ಯಾವಾಗ ಅಂತಲೂ ವಿಚಾರಿಸಿ. ಅದೃಷ್ಟ ಇದ್ದರೆ ಯಕ್ಷಗಾನವೂ ಸಿಗುತ್ತದೆ.

8. ವಾಪಸ್ ಬರುವಾಗ

ಬಹ್ರೇನ್ ಚಿನ್ನದ ಅಂಗಡಿ ನೋಡಿದರೆ ಮನಸ್ಸು ತಡೆಯುವುದಿಲ್ಲ. ಆದರೆ ನಿಯಮ ನೆನಪಿರಲಿ. ಸುಂಕವಿಲ್ಲದೆ ಗಂಡಸರು 20 ಗ್ರಾಂ, ಹೆಂಗಸರು 40 ಗ್ರಾಂ ಒಡವೆ ತರುವ ಅವಕಾಶ ಇರುವುದು ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬರುವವರಿಗೆ. ಎರಡು ತಿಂಗಳು ಇದ್ದು ಬರುವ ಅಮ್ಮನಿಗೆ ಅದು ಸಿಗುವುದಿಲ್ಲ. ಮಗಳು ಕೊಟ್ಟ ಬಳೆಯಾದರೂ ಬಿಲ್ ಜೊತೆಗಿರಲಿ, ಕಸ್ಟಮ್ಸ್‌ನ ಕೆಂಪು ಚಾನೆಲ್‌ನಲ್ಲಿ ತೋರಿಸಿಯೇ ಬರಲಿ. ವೇಪ್, ಇ-ಸಿಗರೇಟ್ ಯಾರಿಗೂ ತರಬೇಡಿ. 2019ರಿಂದ ಭಾರತದಲ್ಲಿ ಅದಕ್ಕೆ ನಿಷೇಧ ಇದೆ.

ಮಳೆಗಾಲದಲ್ಲಿ ಮಂಗಳೂರಿಗೆ ಇಳಿಯುವ ವಿಮಾನ ಕೆಲವೊಮ್ಮೆ ಮೋಡ ಮಳೆಗೆ ಬೇರೆ ಊರಿಗೆ ತಿರುಗುತ್ತದೆ. ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ, ಪೈಲಟ್ ಅಪಾಯಕ್ಕೆ ಕೈ ಹಾಕುವುದಿಲ್ಲ. ಹಾಗಾದಾಗ ವಿಮಾನದಿಂದ ಇಳಿದು ಸ್ವಂತ ದಾರಿ ಹುಡುಕಬೇಡಿ, ಹವೆ ತಿಳಿಯಾದ ಮೇಲೆ ಅದೇ ವಿಮಾನ ಸಾಮಾನ್ಯವಾಗಿ ಮಂಗಳೂರಿಗೆ ವಾಪಸ್ ಬರುತ್ತದೆ ಅಂತ ಅಮ್ಮನಿಗೆ ಮೊದಲೇ ಹೇಳಿಡಿ. ಕೈಚೀಲದಲ್ಲಿ ಒಂದು ದಿನದ ಮಾತ್ರೆ ಮತ್ತು ಎರಡು ಬಿಸ್ಕತ್ತು ಪೊಟ್ಟಣ ಉಳಿದಿರಲಿ.